ತೋಟದ ಮನೆಯ ಮದುವೆಗಳಿಗೆ ಕ್ಯಾಮೆರಾ ಹೊತ್ತು ಹೋಗುವ ಗೆಳೆಯರಿಗೆ

ಜರಗನಹಳ್ಳಿ, ಬೆಂಗಳೂರು

ಪ್ರೀತಿಯ ಗೆಳೆಯರೇ, ತಂಗಿಯರೇ,

ಸಾರಕ್ಕಿಯಿಂದ ಕೋಣನಕುಂಟೆ ಕ್ರಾಸಿನವರೆಗೆ, ಪುಟ್ಟೇನಹಳ್ಳಿಯಿಂದ ಯಲಚೇನಹಳ್ಳಿಯವರೆಗೆ ಬೀದಿಗೊಬ್ಬರಂತೆ ನಮ್ಮ ಕಸುಬಿನವರು ಇದ್ದೀರಿ. ಕೆಲವರಿಗೆ ಅಂಗಡಿಯಿದೆ, ಬೋರ್ಡಿದೆ. ಹಲವರಿಗೆ ಮನೆಯ ಒಂದು ಕೋಣೆ, ಒಂದು ಕಂಪ್ಯೂಟರು, ಫೋನಿನೊಳಗಿನ ಒಂದು ಇನ್‌ಸ್ಟಾಗ್ರಾಮ್ ಪುಟ, ಅಷ್ಟೇ ಸ್ಟುಡಿಯೊ. ಈ ಪತ್ರ ನಿಮ್ಮೆಲ್ಲರಿಗೂ. ಅದರಲ್ಲೂ ಕನಕಪುರ ರಸ್ತೆಯಲ್ಲಿ ನೈಸ್ ರಸ್ತೆ ದಾಟಿದ ಮೇಲೆ, ಇಲ್ಲವೇ ಅಂಜನಾಪುರ, ಆವಲಹಳ್ಳಿಯ ಕಡೆ, ದೊಡ್ಡ ಕಾಂಪೌಂಡಿನ ಒಳಗಿರುವ ತೋಟದ ಮನೆಗಳಲ್ಲಿ ಮದುವೆ ತೆಗೆಯುವವರಿಗೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತೆಗೆಯುತ್ತಿರುವ ಮದುವೆ ಚಿತ್ರಗಳಲ್ಲಿ ಮನೆ ದೊಡ್ಡದಾಗುತ್ತಿದೆ, ಮನುಷ್ಯರು ಚಿಕ್ಕವರಾಗುತ್ತಿದ್ದಾರೆ. ಆ ಮನೆ ಬಾಡಿಗೆಯದು. ಇವತ್ತು ಈ ಮದುವೆ, ನಾಡಿದ್ದು ಇನ್ನೊಂದು. ಅದೇ ಕಂಬ, ಅದೇ ತೊಟ್ಟಿ, ಅದೇ ಮೆಟ್ಟಿಲ ಮೇಲೆ ಅದೇ ಭಂಗಿ. ಎರಡು ಮನೆಯವರ ಆಲ್ಬಂಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸೀರೆಯ ಬಣ್ಣ ಬಿಟ್ಟು ಮತ್ತೇನೂ ಬೇರೆಯಾಗಿ ಕಾಣುವುದಿಲ್ಲ. ಒಂದು ಮನೆತನಕ್ಕೆ ಮಾತ್ರ ಸೇರಿದ್ದು, ಇನ್ನಾರ ಆಲ್ಬಮಿನಲ್ಲೂ ಸಿಗದೇ ಇರುವುದು, ಆ ದಿನ ಅಲ್ಲಿಗೆ ಬಂದ ಜನ. ಅವರನ್ನು ತೆಗೆಯುವುದು ನಮ್ಮ ಮೊದಲ ಕೆಲಸ, ಮನೆಯನ್ನು ತೆಗೆಯುವುದು ಆಮೇಲಿನದು.

ಆ ಜಾಗಗಳ ಸೊಗಸನ್ನು ನಾನು ಅಲ್ಲಗಳೆಯುತ್ತಿಲ್ಲ. ಟ್ಯಾಮರಿಂಡ್ ಟ್ರೀ ಎಂಬ ಮದುವೆ ಜಾಗದಂಥ ಕಡೆ ಹಳೆಯ ಮರದ ಕಂಬ, ಕೆತ್ತನೆಯ ಬಾಗಿಲು, ಹೆಂಚಿನ ಚಾವಣಿ, ತಲೆಯ ಮೇಲೆ ದೊಡ್ಡ ಮರಗಳ ನೆರಳು ನೋಡಿದಾಗ ಯಾರಿಗಾದರೂ ಕ್ಯಾಮೆರಾ ಎತ್ತಬೇಕು ಅನ್ನಿಸುತ್ತದೆ. ಜಯನಗರ, ಬನಶಂಕರಿಯ ಛತ್ರಗಳಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಪ್ಲಾಸ್ಟಿಕ್ ಹೂವಿನ ಬ್ಯಾಕ್‌ಡ್ರಾಪಿನ ಮುಂದೆ ವರ್ಷಗಟ್ಟಲೆ ದುಡಿದ ನಮ್ಮಂಥವರಿಗಂತೂ ಅಲ್ಲಿನ ಬೆಳಗಿನ ಬೆಳಕು ಒಂದು ವರವೇ. ಎರಡು ತಲೆಮಾರಿನ ಹಿಂದೆ ಇಂಥ ತೊಟ್ಟಿಮನೆಗಳಲ್ಲಿ ಜನ ಬದುಕಿದ್ದರು, ಅಂಗಳದಲ್ಲಿ ಚಪ್ಪರ ಹಾಕಿ ಮಕ್ಕಳ ಮದುವೆ ಮಾಡಿದ್ದರು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿ ಅಜ್ಜಿಯ ಮನೆಯಂಥ ಜಾಗದಲ್ಲಿ ಮದುವೆಯಾಗಬೇಕು ಎಂದು ಆಸೆಪಟ್ಟರೆ ಅದರಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ.

ದೊಡ್ಡವರ ಮನೆಯಂಗಳದಲ್ಲಿ ಬೇರೆಯವರ ಮದುವೆ ನಡೆಯುವುದು ನಮ್ಮ ಊರಿಗೆ ಹೊಸದೂ ಅಲ್ಲ. ರೆವರೆಂಡ್ ಗ್ಯಾರೆಟ್ ಎಂಬ ಶಿಕ್ಷಣತಜ್ಞರಿಂದ 1873ರಲ್ಲಿ 40,000 ರೂಪಾಯಿಗೆ ಬಾಲಕ ಚಾಮರಾಜೇಂದ್ರ ಒಡೆಯರ್ ಅವರಿಗಾಗಿ ಕೊಂಡ ಬೆಂಗಳೂರು ಅರಮನೆಯೂ ಇಂಗ್ಲೆಂಡಿನ ಕೋಟೆಮನೆಯ ಅಚ್ಚಿನದೇ. ಅದರ ಮೈದಾನದಲ್ಲಿ ನಡೆದ ಮದುವೆಗಳಿಗೆ ಲೆಕ್ಕವಿಲ್ಲ. 2016ರ ನವೆಂಬರಿನಲ್ಲಿ ಮಾಜಿ ಸಚಿವ ಜನಾರ್ದನ ರೆಡ್ಡಿ ಅವರ ಮಗಳ ಮದುವೆಗೆ ಅಲ್ಲಿ ವಿಜಯನಗರದ ಸೆಟ್ಟೇ ಎದ್ದು ನಿಂತಿತ್ತು. ನೋಟು ರದ್ದಾಗಿ ಎಂಟು ದಿನವೂ ಕಳೆದಿರದ ಕಾರಣ ದೇಶವೆಲ್ಲ ಆ ಮದುವೆಯ ಬಗ್ಗೆ ಮಾತಾಡಿತು. ಸೆಟ್ಟು ಇವತ್ತಿಗೂ ಜನರಿಗೆ ನೆನಪಿದೆ. ಅಲ್ಲಿ ಅಕ್ಷತೆ ಹಾಕಲು ಬಂದ ಒಬ್ಬ ಅಜ್ಜಿಯ ಮುಖ ನಮಗೆ ಯಾರಿಗೂ ನೆನಪಿಲ್ಲ. ಅದು ಆ ಮನೆಯವರ ಆಲ್ಬಮಿನಲ್ಲಿ ಇರಬೇಕಾದ್ದು, ಇದ್ದರೆ ಅದನ್ನು ಇಟ್ಟವನು ಒಬ್ಬ ಫೋಟೋಗ್ರಾಫರ್.

ರೋಲು ಹಾಕಿ ತೆಗೆಯುತ್ತಿದ್ದ ಕಾಲದ ಹಿರಿಯರಿಗೆ ಈ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾಷಿಕಾ ಕ್ಯಾಮೆರಾದ 120 ರೋಲಿನಲ್ಲಿ ಚೌಕಾಕಾರದ ಹನ್ನೆರಡು ಫ್ರೇಮು. ಆಮೇಲೆ ಬಂದ 35 ಎಂಎಂ ರೋಲಿನಲ್ಲಿ ಮೂವತ್ತಾರು. ಇಡೀ ಮದುವೆಗೆ ಕೆಲವೇ ರೋಲುಗಳು. ಅಷ್ಟರಲ್ಲಿ ಯಾರನ್ನು ಬಿಟ್ಟರೂ ಮಾತು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಮದುವೆ ಮನೆಗೆ ಕಾಲಿಟ್ಟ ಕೂಡಲೇ ಮನೆಯ ಯಜಮಾನರನ್ನು ಹುಡುಕಿ, "ಯಾರ್ಯಾರ ಗ್ರೂಪು ಬೇಕು ಹೇಳಿ ಸ್ವಾಮಿ" ಎಂದು ಕೇಳುತ್ತಿದ್ದರು. ಹೆಣ್ಣಿನ ತಂದೆಯ ಕಡೆಯವರು, ತಾಯಿಯ ಕಡೆಯವರು, ಗಂಡಿನ ಸೋದರತ್ತೆಯಂದಿರು, ಊರಿನಿಂದ ಬಸ್ಸಿನಲ್ಲಿ ಬಂದವರು. 1910ರಲ್ಲಿ ಶುರುವಾದ ಜಿ.ಕೆ. ವೇಲ್ ಸ್ಟುಡಿಯೊದಂಥ ಕಡೆಗೆ ಮನೆಮಂದಿಯೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಹೋಗಿ ನಿಂತು ತೆಗೆಸಿಕೊಳ್ಳುತ್ತಿದ್ದ ಕಾಲದ ಶಿಸ್ತು ಅದು. ಮದುವೆ ಮನೆಗೂ ಅದೇ ಶಿಸ್ತು ಬಂದಿತ್ತು.

ಈಗ ಒಂದು ಮದುವೆಗೆ ಸಾವಿರಗಟ್ಟಲೆ ಚಿತ್ರ ತೆಗೆಯುತ್ತೇವೆ. ಕ್ಯಾಂಡಿಡ್‌ಗೆ ಒಬ್ಬ, ಟ್ರೆಡಿಷನಲ್‌ಗೆ ಒಬ್ಬ, ಸಿನಿಮ್ಯಾಟಿಕ್ ವಿಡಿಯೋಗೆ ಇಬ್ಬರು, ಡ್ರೋನಿಗೆ ಮತ್ತೊಬ್ಬ. ಇಷ್ಟು ಜನ ಇಷ್ಟು ಚಿತ್ರ ತೆಗೆದ ಮೇಲೂ ಹೆಣ್ಣಿನ ಅಜ್ಜಿ ಕ್ಯಾಮೆರಾ ಕಡೆ ನೇರವಾಗಿ ನೋಡುತ್ತಿರುವ ಒಂದು ಒಳ್ಳೆಯ ಚಿತ್ರ ಇದೆಯೇ ಎಂದು ಹುಡುಕಿದರೆ ಸಿಗುವುದಿಲ್ಲ. ಹಿನ್ನೆಲೆಯಲ್ಲಿ ಮಸುಕಾಗಿ ಕೂತಿರುತ್ತಾರೆ, ಇಲ್ಲವೇ ಅರ್ಧ ಮುಖ ಯಾರದೋ ಹೆಗಲ ಹಿಂದೆ. ಊದುವ ಓಲಗದವರ ಕೆನ್ನೆ ಇದೆ, ಬಾಳೆಲೆಯ ಮೇಲಿನ ನೀರಿನ ಹನಿ ಇದೆ, ತೊಟ್ಟಿಯ ಅಂಚಿನ ಹಿತ್ತಾಳೆ ಉರುಳಿಯಲ್ಲಿ ತೇಲುವ ಹೂವು ಹತ್ತು ಕೋನದಲ್ಲಿದೆ.

ಆ ಅಜ್ಜಿಯ ಚಿತ್ರ ಯಾಕೆ ಬೇಕು ಎಂಬುದು ಸ್ಟುಡಿಯೊ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಹಿರಿಯರು ತೀರಿಕೊಂಡ ದಿನ, ಅಂತ್ಯಸಂಸ್ಕಾರಕ್ಕೆ ಮೊದಲೇ, ಮೊಮ್ಮಗನೊಬ್ಬ ಸ್ಟುಡಿಯೊಗೆ ಓಡಿ ಬರುತ್ತಾನೆ. ಪತ್ರಿಕೆಗೆ ಕೊಡಬೇಕು, ಗೋಡೆಗೆ ಹಾಕಲು ಫ್ರೇಮು ಬೇಕು. ಅವನ ಕೈಯಲ್ಲಿರುವುದು ಹೆಚ್ಚಿನ ಸಲ ಯಾವುದೋ ಮದುವೆಯ ಚಿತ್ರ. ಯಾಕೆಂದರೆ ನಮ್ಮ ಹಿರಿಯರು ತಮ್ಮ ಚಿತ್ರ ತೆಗೆಸಿಕೊಳ್ಳಲೆಂದು ಎಲ್ಲಿಗೂ ಹೋಗುವವರಲ್ಲ. ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ನಗುನಗುತ್ತ ಕೂರುವುದು ಮೊಮ್ಮಕ್ಕಳ ಮದುವೆಯಲ್ಲಿ ಮಾತ್ರ. ಕೊರೊನಾದಿಂದಾಗಿ 2020ರಲ್ಲಿ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದು, 2021ರ ಮೇ ತಿಂಗಳಿನಲ್ಲಿ ಅದು ನಮ್ಮ ರಾಜ್ಯದಲ್ಲಿ ನಲವತ್ತಕ್ಕೆ ಇಳಿದಿತ್ತಲ್ಲ, ಆ ದಿನಗಳಲ್ಲಿ ಕ್ಯಾಮೆರಾಗಳು ಪೆಟ್ಟಿಗೆಯಲ್ಲೇ ಇದ್ದವು, ಆದರೆ ತೀರಿಕೊಂಡವರ ಚಿತ್ರ ಹುಡುಕುವ ಕೆಲಸದಿಂದ ಹಳೆಯ ಹಾರ್ಡ್‌ಡಿಸ್ಕುಗಳಿಗೆ ಬಿಡುವಿರಲಿಲ್ಲ. ನಮ್ಮ ಊರಿನ ಹೆಸರನ್ನು ತಮ್ಮ ಹನಿಗವನಗಳ ಜೊತೆ ನಾಡಿಗೆಲ್ಲ ಒಯ್ದ ಜರಗನಹಳ್ಳಿ ಶಿವಶಂಕರ್ ಅವರನ್ನು ಕಳೆದುಕೊಂಡದ್ದೂ 2021ರಲ್ಲೇ. ಮನೆಮನೆಗಳಲ್ಲಿ ಗೋಡೆಗೆ ಏರಿದ ಚಿತ್ರಗಳನ್ನು ಈಗಲೂ ನೋಡಿ. ಎಷ್ಟೋ ಕಡೆ ಭುಜದ ಪಕ್ಕದಲ್ಲಿ ಬೇರೆ ಯಾರದೋ ಜರಿ ಅಂಚು, ಯಾರದೋ ಕೈ ಕತ್ತರಿಸಿ ಉಳಿದಿರುತ್ತದೆ. ಗ್ರೂಪ್ ಫೋಟೋದಿಂದ ಎತ್ತಿದ್ದು ಅವು. ಗ್ರೂಪೇ ತೆಗೆಯದ ಮದುವೆಯಿಂದ ನಾಳೆ ಏನನ್ನು ಎತ್ತುತ್ತೀರಿ?

ಆದ್ದರಿಂದ ನನ್ನ ಮೊದಲ ಬೇಡಿಕೆ ಇದು. ಮುಹೂರ್ತದ ಬೆಳಿಗ್ಗೆ, ಮದುಮಕ್ಕಳು ಇನ್ನೂ ಅಲಂಕಾರದಲ್ಲಿರುವಾಗ, ಆ ಮನೆಯ ಜಗುಲಿಯಲ್ಲಿ ಒಂದು ಕುರ್ಚಿ ಹಾಕಿ. ಬಂದ ಹಿರಿಯರನ್ನು ಒಬ್ಬೊಬ್ಬರಾಗಿ ಅಲ್ಲಿ ಕೂರಿಸಿ. "ಅಜ್ಜಿ, ಒಂದು ನಿಮಿಷ ಇಲ್ಲಿ ಕೂತ್ಕೊಳ್ಳಿ" ಎಂದರೆ ಮೊದಲು ಬೇಡವೆನ್ನುತ್ತಾರೆ, ಆಮೇಲೆ ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ಅಜ್ಜ ಇದ್ದರೆ ಇಬ್ಬರನ್ನೂ ಕೂರಿಸಿ. ಮನೆಯವರಲ್ಲಿ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಜೊತೆಗಿಟ್ಟುಕೊಂಡು ಪ್ರತಿಯೊಬ್ಬರ ಹೆಸರು, ಊರು, ಮದುಮಕ್ಕಳಿಗೆ ಏನಾಗಬೇಕು ಎಂಬುದನ್ನು ಬರೆಸಿಕೊಳ್ಳಿ. ಆಲ್ಬಮಿನ ಕೊನೆಯ ಹಾಳೆಯಲ್ಲಿ ಆ ಹೆಸರುಗಳು ಅಚ್ಚಾಗಲಿ. ಯಾವ ಪ್ಯಾಕೇಜಿನಲ್ಲೂ ಇದು ಇರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕೇಳದಿದ್ದರೂ ಮಾಡಿ. ಮೊಮ್ಮಕ್ಕಳ ಮಕ್ಕಳು ಆ ಹಾಳೆ ತಿರುವಿದಾಗ, "ಇವರು ಯಾರು?" ಎಂದು ಕೇಳಿದರೆ ಹೇಳಲು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ.

ಇನ್ನು ಬೆಳಕಿನ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ತೋಟದ ಮನೆಯ ಬೆಳಕು ಛತ್ರದ ಬೆಳಕಿನಂತಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಅದೇ. ಒಂದು ವೈಶಾಖದ ಲಗ್ನಗಳ ಹೊತ್ತಿಗೆ, ಇನ್ನೊಂದು ಶ್ರಾವಣದ ಲಗ್ನಗಳ ಹೊತ್ತಿಗೆ ಬರುತ್ತದೆ. ಮುಹೂರ್ತವೇನಾದರೂ ಹನ್ನೊಂದರಿಂದ ಹನ್ನೆರಡೂವರೆಯ ಒಳಗಿದ್ದು, ಮಂಟಪವನ್ನು ಬಟಾಬಯಲು ಹುಲ್ಲುಹಾಸಿನ ಮೇಲೆ ಹಾಕಿದ್ದರೆ, ಮದುಮಗಳ ಕಣ್ಣು ಕಪ್ಪು ಗುಳಿಯಾಗಿ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಎಷ್ಟು ದುಬಾರಿ ಲೆನ್ಸೂ ಇದನ್ನು ಸರಿಮಾಡುವುದಿಲ್ಲ. ಅದರ ಜೊತೆಗೆ ಡೆಕೊರೇಷನ್‌ನವರು ತಲೆಯ ಮೇಲೆ ಹಳದಿಯ, ಗುಲಾಬಿಯ ಬಟ್ಟೆ ಎಳೆದುಬಿಟ್ಟರೆ ಎಲ್ಲರ ಮುಖಕ್ಕೂ ಕಾಮಾಲೆ ಬಂದಂತಾಗುತ್ತದೆ.

ಇದನ್ನು ಮದುವೆಯ ದಿನ ಕಂಡುಕೊಂಡು ಪ್ರಯೋಜನವಿಲ್ಲ. ಒಂದು ವಾರ ಮೊದಲೇ, ಲಗ್ನಪತ್ರಿಕೆಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಆ ಜಾಗಕ್ಕೆ ಹೋಗಿ ನಿಲ್ಲಿ. ಬಿಸಿಲು ಎಲ್ಲಿ ಬೀಳುತ್ತದೆ ನೋಡಿ, ಮನೆಯವರನ್ನೂ ಡೆಕೊರೇಷನ್‌ನವರನ್ನೂ ಕರೆದು ಮಂಟಪವನ್ನು ದಪ್ಪ ಬಿಳಿ ಬಟ್ಟೆಯ ಕೆಳಗೆ, ಇಲ್ಲವೇ ಹೆಂಚಿನ ಜಗುಲಿಯ ಒಳಗೆ ಹಾಕಿಸಲು ಹೇಳಿ. ತೊಟ್ಟಿಯಿರುವ ಮನೆಯಾದರೆ ನಿಮ್ಮ ಅದೃಷ್ಟ. ಮೇಲಿನ ತೆರೆದ ಆಕಾಶದಿಂದ ಇಳಿಯುವ ಬೆಳಕು ಸುಣ್ಣದ ಗೋಡೆಗೆ ತಾಗಿ ಮೆತ್ತಗಾಗಿ ಬರುತ್ತದೆ. ಸೂರಿನಿಂದ ಒಂದು ಹೆಜ್ಜೆ ಒಳಗೆ ಮುಖವನ್ನು ತೊಟ್ಟಿಯ ಕಡೆ ತಿರುಗಿಸಿ ಕೂರಿಸಿದರೆ ಬೇರೆ ಲೈಟೇ ಬೇಡ. ಆದರೆ ರೆಡ್ ಆಕ್ಸೈಡ್ ನೆಲ ಕೆಳಗಿನಿಂದ ಕೆಂಪನ್ನು ಎರಚುತ್ತದೆ, ಹುಲ್ಲುಹಾಸು ಗಲ್ಲದ ಕೆಳಗೆ ಹಸಿರು ಮೆತ್ತುತ್ತದೆ. ಕಾಲ ಬಳಿ, ಚೌಕಟ್ಟಿನಿಂದ ಹೊರಗೆ, ಒಂದು ಬಿಳಿ ಪಂಚೆ ಹಾಸಿಬಿಡಿ. ಹೋಮದ ಹೊಗೆ ಎದ್ದಾಗ ಎದುರಿನಿಂದ ಫ್ಲಾಶ್ ಹೊಡೆಯಬೇಡಿ, ಚಿತ್ರವೆಲ್ಲ ಬೆಳ್ಳಗೆ ಮುಚ್ಚಿಹೋಗುತ್ತದೆ. ಅದೇ ಹೊಗೆಗೆ ಹಿಂದಿನಿಂದ, ಓರೆಯಾಗಿ ಬಿಸಿಲು ಬಿದ್ದರೆ ಲಾಜಹೋಮದ ಅರಳು ಬೀಳುವುದೂ ಕಾಣುತ್ತದೆ.

ಸಂಜೆಯ ಆರತಕ್ಷತೆಯ ಕಥೆಯೇ ಬೇರೆ. ಎಲ್‌ಇಡಿ ವಾಲು, ನೇರಳೆ ಲೈಟು. ಕ್ಯಾಮೆರಾವನ್ನು ಸೈಲೆಂಟ್ ಶಟರಿನಲ್ಲಿ ಇಟ್ಟರೆ ಅಡ್ಡಡ್ಡ ಪಟ್ಟೆ, ಸಾಮಾನ್ಯ ಶಟರಿನಲ್ಲಿ ಇಟ್ಟರೆ ನೇರಳೆ ಮುಖ. ಲೈಟಿಂಗ್ ಹುಡುಗರ ಜೊತೆ ಮೊದಲೇ ಗೆಳೆತನ ಬೆಳೆಸಿಕೊಳ್ಳಿ. "ಮೊದಲ ಅರ್ಧ ಗಂಟೆ ಸ್ಟೇಜಿಗೆ ವಾರ್ಮ್ ವೈಟ್ ಕೊಡಿ, ಫ್ಯಾಮಿಲಿ ಗ್ರೂಪು ಮುಗಿಸ್ತೀವಿ, ಆಮೇಲೆ ನಿಮ್ಮ ಇಷ್ಟ" ಎಂದು ಪ್ರೀತಿಯಿಂದ ಕೇಳಿದರೆ ಅವರು ಇಲ್ಲವೆನ್ನುವುದಿಲ್ಲ. ಅವರೂ ನಮ್ಮಂತೆ ನಿದ್ದೆಗೆಟ್ಟವರು.

ಶಾಸ್ತ್ರಗಳ ಹೊತ್ತಿನಲ್ಲಿ ನಾವು ನಡೆದುಕೊಳ್ಳುವ ರೀತಿ ಬದಲಾಗಲೇಬೇಕು. ಬಂದ ನೆಂಟರಿಗೆ ಮದುವೆಯಲ್ಲಿ ಕಾಣುವುದು ನಮ್ಮ ಬೆನ್ನು. ಮಗಳನ್ನು ಧಾರೆಯೆರೆದು ಕೊಡುವುದನ್ನು ನೋಡಲೆಂದು ಹಾಸನದಿಂದ, ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಬಂದ ಚಿಕ್ಕಮ್ಮ ಎಲ್‌ಇಡಿ ಪರದೆಯಲ್ಲಿ ಅದನ್ನು ನೋಡಿ ಹೋಗುತ್ತಾರೆ. ಐದು ಜನ ಮಂಟಪ ಸುತ್ತುವರಿದು ನಿಲ್ಲುವ ಅಗತ್ಯ ಯಾವತ್ತೂ ಇಲ್ಲ. ಹಿಂದಿನ ರಾತ್ರಿಯೇ ಪುರೋಹಿತರ ಬಳಿ ಕೂತು ಕೇಳಿಕೊಳ್ಳಿ: ಅಂತರಪಟ ಯಾವ ಕಡೆಗೆ ಸರಿಸುತ್ತೀರಿ, ಹೆಣ್ಣು ಯಾವ ದಿಕ್ಕಿಗೆ ಮುಖ ಮಾಡುತ್ತಾಳೆ, ಧಾರೆಗೆ ಯಾರ್ಯಾರು ಕೈ ಕೊಡುತ್ತಾರೆ. ಎಲ್ಲ ಮನೆಯ ಕ್ರಮವೂ ಒಂದೇ ಅಲ್ಲ. ಒಕ್ಕಲಿಗರ ಮನೆಯಲ್ಲಿ ಅರಿವೇಣಿ ತರುವುದು, ಕಳಸಗಿತ್ತಿಯ ನಡಿಗೆ ಇರುತ್ತವೆ. ಬ್ರಾಹ್ಮಣರ ಮನೆಯಲ್ಲಿ ಕಾಶಿಯಾತ್ರೆ. ಕೆಲವರಲ್ಲಿ ಸೋದರಮಾವ ಹುಡುಗಿಯನ್ನು ಎತ್ತಿಕೊಂಡೇ ಮಂಟಪಕ್ಕೆ ತರುತ್ತಾನೆ. ಜೀರಿಗೆ ಬೆಲ್ಲ ತಲೆಯ ಮೇಲೆ ಇಡುವ ಗಳಿಗೆ ಒಂದೇ ಕ್ಷಣ. ಅದಕ್ಕೆ ಎರಡು ಕ್ಯಾಮೆರಾ ಸಾಕು, ಹೆಣ್ಣಿಗೊಂದು ಗಂಡಿಗೊಂದು. ಉಳಿದವರು ಕೆಳಗೆ ಕೂರಲಿ, ಇಲ್ಲವೇ ಜನರ ಕಡೆ ತಿರುಗಲಿ.

ಜನರ ಕಡೆ ತಿರುಗಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಹೆಣ್ಣಿನ ಅಪ್ಪ. ಗಟ್ಟಿಮೇಳ ಮೊಳಗಿ ಮಾಂಗಲ್ಯ ಕಟ್ಟುವಾಗ ಎಲ್ಲ ಲೆನ್ಸುಗಳೂ ಗಂಟಿನ ಮೇಲಿರುತ್ತವೆ. ಅಕ್ಷತೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ ಆ ಮನುಷ್ಯನ ಮುಖದಲ್ಲಿ ಅಷ್ಟು ಹೊತ್ತೂ ಏನು ನಡೆಯುತ್ತದೆ ಎಂಬುದು ಯಾರ ಕಾರ್ಡಿನಲ್ಲೂ ಇರುವುದಿಲ್ಲ. ಹೆಣ್ಣು ಒಪ್ಪಿಸುವಾಗ ಅಳು ಬಂದೇ ಬರುತ್ತದೆ, ಅದನ್ನು ಎಲ್ಲರೂ ತೆಗೆಯುತ್ತಾರೆ. ಅದಕ್ಕಿಂತ ಮೊದಲಿನ ಈ ಸುಮ್ಮನೆ ನಿಂತ ಹೊತ್ತನ್ನು ತೆಗೆಯಿರಿ.

ಮತ್ತೆ, ದಯವಿಟ್ಟು, "ಇನ್ನೊಂದ್ಸಲ ತಾಳಿ ಎತ್ತಿ ಹಿಡೀರಿ ಸಾರ್" ಎನ್ನುವುದನ್ನು ನಿಲ್ಲಿಸಿ. ಸಪ್ತಪದಿಯನ್ನು ಮೂರನೇ ಹೆಜ್ಜೆಯಲ್ಲಿ ತಡೆದು ನಿಲ್ಲಿಸುವುದನ್ನು ನಿಲ್ಲಿಸಿ. ಅದು ನಟನೆಯಲ್ಲ, ಆ ಇಬ್ಬರು ಬಾಳಿನಲ್ಲಿ ಇಡುತ್ತಿರುವ ಹೆಜ್ಜೆ. ಕಾದು ತೆಗೆಯುವುದರಲ್ಲಿ ನಮ್ಮ ನಾಡಿನವರಿಗೆ ದೊಡ್ಡ ಪರಂಪರೆಯೇ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಕಾಡಿನಲ್ಲಿ ಮರೆಗೆ ಕೂತು ತೆಗೆದ ಚಿತ್ರಗಳು ಹೊರದೇಶಗಳಲ್ಲೂ ಹೆಸರು ಮಾಡಿದವು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರಕ್ಕಾಗಿ ಕಾದ ತಾಳ್ಮೆಯನ್ನು ಅವರ ಓದುಗರೆಲ್ಲ ಬಲ್ಲರು. ಹಕ್ಕಿಗೆ ಯಾರೂ "ಇತ್ತ ತಿರುಗು" ಎನ್ನಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ. ಸಾಧಾರಣ ಜನ, ಸಾಧಾರಣ ಹೊತ್ತು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಇಂಥ ಚಿತ್ರಗಳಿಗೆ. ಮದುವೆ ತೆಗೆಯುವವನು ಇವರನ್ನೆಲ್ಲ ನೋಡಿ ಕಲಿಯುವುದು ಬೇಕಾದಷ್ಟಿದೆ.

ತಂಗಿಯರಿಗೆ ಒಂದು ಮಾತು. ನೀವು ಈ ಕಸುಬಿಗೆ ಬಂದದ್ದರಿಂದ ಹೆಣ್ಣುಮಕ್ಕಳ ಕೋಣೆಯಲ್ಲಿ ದೊಡ್ಡ ಬದಲಾವಣೆಯಾಗಿದೆ. ಬಳೆ ತೊಡಿಸುವ ಹೊತ್ತು, ಜಡೆಗೆ ಮೊಗ್ಗು ಮುಡಿಸುವ ಹೊತ್ತು, ಅತ್ತೆ ಸೊಸೆಗೆ ಹೇಳುವ ಕಿವಿಮಾತು, ಇವನ್ನೆಲ್ಲ ಮುಜುಗರವಿಲ್ಲದೆ ನೀವು ತೆಗೆಯಬಲ್ಲಿರಿ. ತಂಡ ಕಟ್ಟುವ ಗೆಳೆಯರು ಒಬ್ಬ ಹೆಣ್ಣುಮಗಳಾದರೂ ಜೊತೆಯಲ್ಲಿರುವಂತೆ ನೋಡಿಕೊಳ್ಳಿ, ಅವಳಿಗೂ ಗಂಡಸರಷ್ಟೇ ದಿನಗೂಲಿ ಕೊಡಿ.

ಇನ್ನು ಅಪಾಯದ ಮಾತು. ಈ ತೋಟದ ಮನೆಗಳಲ್ಲಿ ಕೊಳವಿದೆ, ಕೆರೆಯ ಏರಿಯಿದೆ, ಕಟಾಂಜನವಿಲ್ಲದ ಮಹಡಿಯಿದೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಮದುವೆಗೆ ಮುಂಚಿನ ಫೋಟೋಶೂಟಿಗೆ ಹೋದ ಜೋಡಿಯೊಂದು ತೆಪ್ಪ ಮಗುಚಿ ತೀರಿಹೋಯಿತು. 2025ರಲ್ಲಿ ನಮ್ಮ ಬೆಂಗಳೂರಿನಲ್ಲೇ ಫೋಟೋಗೆಂದು ಹಚ್ಚಿದ ಬಣ್ಣದ ಬಾಂಬು ಸಿಡಿದು ಮದುಮಗಳೊಬ್ಬಳ ಬೆನ್ನು ಸುಟ್ಟ ಸುದ್ದಿ ಓದಿದೆವು. ರೇಷ್ಮೆ ಸೀರೆ ನೆನೆದರೆ ಕಾಲಿಗೆ ಸುತ್ತಿಕೊಂಡು ಬೀಳಿಸುತ್ತದೆ. ಬೆಂಕಿ ತಗುಲಿದ ಬಟ್ಟೆಯನ್ನು ಪಿನ್ನುಗಳ ನಡುವೆ ಬಿಡಿಸಲು ಆಗುವುದೇ ಇಲ್ಲ. ಮದುಮಕ್ಕಳೇ ಕೇಳಿದರೂ ನೀರಿನ ಅಂಚಿಗೆ, ಬೆಂಕಿಯ ಹತ್ತಿರಕ್ಕೆ ಅವರನ್ನು ನಿಲ್ಲಿಸಬೇಡಿ. ಆಗುವುದಿಲ್ಲ ಎಂದು ಹೇಳುವ ಹೊಣೆ ಕ್ಯಾಮೆರಾ ಹಿಡಿದವನದು.

ಡ್ರೋನಿನ ವಿಷಯದಲ್ಲೂ ಹಾಗೇ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ದುಡಿಮೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಎಚ್‌ಎಎಲ್, ಯಲಹಂಕದ ವಿಮಾನನೆಲೆಗಳಿರುವ ಊರು ನಮ್ಮದು. ಡ್ರೋನ್ ಹಾರಾಟದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡದೆ ಮೇಲಕ್ಕೇರಿಸಬೇಡಿ. ಹಾಗೆಯೇ ತಲೆಯೆತ್ತಿ ಮರಗಳನ್ನೂ ನೋಡಿ. ಹಳೆಯ ಮರಗಳಿರುವ ತೋಟದಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಅದು ಎದ್ದರೆ ಮದುವೆ ಮನೆಯಲ್ಲಿ ಮಕ್ಕಳು ಮುದುಕರು ಎಲ್ಲಿಗೆ ಓಡಬೇಕು?

ಚಿತ್ರಗಳ ಒಡೆತನದ ಬಗ್ಗೆ ನಮ್ಮಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆಯಿದೆ. ಕ್ಲಿಕ್ ಮಾಡಿದವನೇ ಮಾಲೀಕ ಎಂದುಕೊಂಡಿದ್ದೇವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಬೇರೆ. ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕುಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ತೆಗೆದವರು ನಾವು ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ನಮ್ಮಲ್ಲಿ ಉಳಿಯುತ್ತದೆ, ಅದು ಸಣ್ಣದೇನಲ್ಲ. ಆದರೆ ಆ ಹುಡುಗಿಯ ಅರಿಶಿನ ಶಾಸ್ತ್ರದ ಚಿತ್ರವನ್ನು ಅವಳನ್ನು ಕೇಳದೆ ನಮ್ಮ ಪುಟದಲ್ಲಿ ಹಾಕುವುದು, ಜಾಗದ ಮ್ಯಾನೇಜರು ಕೇಳಿದರೆಂದು ಅವರ ಜಾಹೀರಾತಿಗೆ ಕಳಿಸಿಬಿಡುವುದು, ಡೆಕೊರೇಷನ್‌ನವರಿಗೆ ಹಂಚುವುದು ಕಾನೂನಿಗೂ ಒಪ್ಪುವುದಲ್ಲ, ಮರ್ಯಾದೆಗೂ ಒಪ್ಪುವುದಲ್ಲ. ಕಾಗದದ ಮೇಲೆ ಎರಡು ಸಾಲು ಬರೆಸಿಕೊಳ್ಳಿ: ಯಾವ ಚಿತ್ರ ಹಾಕಬಹುದು, ಯಾವುದು ಬೇಡ. ಮಕ್ಕಳ ಚಿತ್ರಗಳಿಗೆ ಅವರ ತಂದೆತಾಯಿಯನ್ನು ಬೇರೆಯಾಗಿ ಕೇಳಿ. ಹಾಡಿನದೂ ಇದೇ ಗೊಂದಲ. ಮದುವೆ ಮನೆಯಲ್ಲಿ, ದಿಬ್ಬಣದಲ್ಲಿ ಹಾಡು ನುಡಿಸುವುದಕ್ಕೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಯಿದೆ. ಅದೇ ಹಾಡನ್ನು ನಮ್ಮ ರೀಲಿಗೆ ಅಂಟಿಸಿ ಪ್ರಚಾರ ಮಾಡಿಕೊಳ್ಳುವುದಕ್ಕೆ ಆ ವಿನಾಯಿತಿ ಬರುವುದಿಲ್ಲ.

ತೆಗೆದ ಚಿತ್ರಗಳನ್ನು ಕಾಪಾಡಲು ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾ ಇಟ್ಟುಕೊಳ್ಳಿ, ಮೂರು ಪ್ರತಿ ಮಾಡಿ, ಒಂದು ಪ್ರತಿ ನಿಮ್ಮ ಮನೆಯಿಂದ ಹೊರಗೆ ಇರಲಿ, ಆಲ್ಬಂ ತಲುಪುವವರೆಗೆ ಕಾರ್ಡು ಅಳಿಸಬೇಡಿ. ಇದು ನಿಮಗೆಲ್ಲ ಗೊತ್ತಿರುವುದೇ.

ನಮ್ಮ ಹುಡುಗರ ಬಗ್ಗೆ ಮಾತ್ರ ಹೇಳದೆ ಮುಗಿಸಲಾರೆ. ಹಿಂದಿನ ಸಂಜೆ ವರಪೂಜೆ, ಆರತಕ್ಷತೆ, ರಾತ್ರಿ ಹನ್ನೆರಡರವರೆಗೆ ಕುಣಿತ. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಶಾಸ್ತ್ರ. 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೊ ಬಂದು ಹಗಲಿನ ಓಡಾಟವೇನೋ ಹಗುರವಾಯಿತು, ಆದರೆ ನಾವು ಕೆಲಸ ಮುಗಿಸುವ ಹೊತ್ತಿಗೆ ಯಾವ ರೈಲೂ ಇಲ್ಲ. ಲೈಟು ಹಿಡಿಯುವ ಹುಡುಗ ನಿದ್ದೆಗಣ್ಣಿನಲ್ಲಿ ಬೈಕು ಓಡಿಸಿಕೊಂಡು ಕನಕಪುರ ರಸ್ತೆಯಲ್ಲಿ ಲಾರಿಗಳ ನಡುವೆ ಮನೆಗೆ ಬರುತ್ತಾನೆ. ಆ ತೋಟದ ಮನೆಗಳಲ್ಲಿ ಅಷ್ಟೊಂದು ಕೋಣೆಗಳಿವೆ. ಕರಾರಿನಲ್ಲೇ ಬರೆಸಿ: ತಂಡಕ್ಕೆ ಒಂದು ಕೋಣೆ, ಮಲಗಲು ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ. ಮನೆಯವರಿಗೆ ನೇರವಾಗಿ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಈವೆಂಟ್ ಕಂಪನಿಯ ಮೂಲಕ ಹೋದ ಮಾತು ಹೆಚ್ಚಾಗಿ ದಾರಿಯಲ್ಲೇ ಉಳಿದುಹೋಗುತ್ತದೆ. ಹುಡುಗರ ಕೂಲಿಯನ್ನು ಆಲ್ಬಮಿನ ಬಾಕಿ ಬಂದ ಮೇಲೆ ಕೊಡುತ್ತೇನೆ ಎನ್ನಬೇಡಿ, ಅವತ್ತಿನದು ಅವತ್ತೇ ಕೊಟ್ಟುಬಿಡಿ.

ಡಿಸೆಂಬರಿನ ನಡುವೆ ಧನುರ್ಮಾಸ ಶುರುವಾದರೆ ಸಂಕ್ರಾಂತಿಯವರೆಗೆ ಲಗ್ನಗಳಿಲ್ಲ. ಸೆನ್ಸರ್ ಕ್ಲೀನ್ ಮಾಡಿಸಲು, ಬಾಕಿ ಆಲ್ಬಂ ಮುಗಿಸಲು ಎಲ್ಲರಿಗೂ ಬಿಡುವು. ಆ ದಿನಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜರಗನಹಳ್ಳಿಯ ನನ್ನ ಸ್ಟುಡಿಯೊದಲ್ಲಿ ಸೇರೋಣ. ಪ್ರತಿಯೊಬ್ಬರೂ ಈ ವರ್ಷ ತೋಟದ ಮನೆಯಲ್ಲಿ ತೆಗೆದ ಒಂದು ಮದುವೆಯ ಆಲ್ಬಂ ತನ್ನಿ. ಆ ಮನೆಯವರ ಒಪ್ಪಿಗೆ ಪಡೆದು ತನ್ನಿ. ಫೋನಿನಲ್ಲಿ ಬೇಡ, ಅಚ್ಚಾದದ್ದೇ ಬೇಕು, ಮೇಜಿನ ಮೇಲೆ ಹರಡಿ ಎಲ್ಲರೂ ಕೂಡಿ ನೋಡಬೇಕು. ಅದರಲ್ಲಿ ಹಿರಿಯರ ಮುಖ ಎಷ್ಟಿವೆ, ಯಾರ ಹೆಸರು ನಮಗೆ ಗೊತ್ತಿದೆ ಎಂದು ಒಂದೊಂದಾಗಿ ಹಾಳೆ ತಿರುವೋಣ. ಈ ಸಲದ ಮಾಘಮಾಸದ ಲಗ್ನಗಳಿಗೆ ಹೋಗುವಾಗ ಕುರ್ಚಿ ಎಲ್ಲಿ ಹಾಕಬೇಕು, ಹೆಸರು ಬರೆದುಕೊಳ್ಳುವ ಪುಸ್ತಕ ಹೇಗಿರಬೇಕು ಎಂಬುದನ್ನು ಅಲ್ಲೇ ಕೂತು ತೀರ್ಮಾನ ಮಾಡೋಣ. ಬರುವವರು ಎರಡು ದಿನ ಮೊದಲು ತಿಳಿಸಿದರೆ ತಿಂಡಿಗೆ ಹೇಳಿಡುತ್ತೇನೆ.

ಇಂತಿ ನಿಮ್ಮ ಕಸುಬಿನವನೇ ಆದ,
ಜರಗನಹಳ್ಳಿಯ ಒಬ್ಬ ಮದುವೆ ಫೋಟೋಗ್ರಾಫರ್